ಮುಕ್ಕಾದ ಕಪ್ ಮತ್ತು ಪವಿತ್ರ ಪಾತ್ರೆ

ಈಚೆಗೆ ಮನೆ ಬದಲಿಸುವಾಗ ಎಂ.ಎ. ಓದುತ್ತಿದ್ದ ಕಾಲದ ನನ್ನ ಒಂದು ನೋಟ್‌ಬುಕ್ ಸಿಕ್ಕಿತು. ಮುಂದಿನ ಅರ್ಧದಲ್ಲಿ ಟಿ.ಎಸ್. ಎಲಿಯಟ್‌ನ 'ದಿ ವೇಸ್ಟ್ ಲ್ಯಾಂಡ್' ಬಗ್ಗೆ ತರಗತಿಯಲ್ಲಿ ಬರೆದುಕೊಂಡ ಟಿಪ್ಪಣಿಗಳು. ಅದನ್ನೇ ತಿರುಗಿಸಿ ಹಿಂದಿನಿಂದ ಬರೆದ ಪುಟಗಳಲ್ಲಿ ಬೇರೆಯದೇ ಲೋಕ. ಬಾಣದ ಗುರುತುಗಳು, ಹೆಸರುಗಳ ಸುತ್ತ ಹಾಕಿದ ವೃತ್ತಗಳು, ಪುಟಕ್ಕೆ ಹತ್ತು ಪ್ರಶ್ನಾರ್ಥಕ ಚಿಹ್ನೆಗಳು. ಒಂದು ಸಾಲಿನ ಕೆಳಗಂತೂ ಎರಡೆರಡು ಗೆರೆ: 'ಲಾನ್ಸೆಲಾಟ್ ಬಂದಿದ್ದಾನೆ, ಇನ್ನು ಗ್ರೇಲ್ ಬರಲೇಬೇಕು.'

ಆ ಪುಟಗಳು 'ಒನ್ಸ್ ಅಪಾನ್ ಎ ಟೈಮ್' ಎಂಬ ಅಮೆರಿಕನ್ ಟೀವಿ ಧಾರಾವಾಹಿಗೆ ಸೇರಿದವು. ಎಬಿಸಿ ವಾಹಿನಿಯಲ್ಲಿ 2011ರ ಅಕ್ಟೋಬರ್‌ನಲ್ಲಿ ಶುರುವಾಗಿ, ಏಳು ಸೀಸನ್ ನಡೆದು, 2018ರ ಮೇನಲ್ಲಿ ಮುಗಿದ ಸರಣಿ ಅದು. ಸ್ನೋ ವೈಟ್, ಅವಳ ಮಲತಾಯಿ ರೆಜಿನಾ, ರಂಪಲ್‌ಸ್ಟಿಲ್ಟ್‌ಸ್ಕಿನ್, ಬೆಲ್ ಮೊದಲಾದ ಅಜ್ಜಿಕತೆಯ ಜನರೆಲ್ಲ ಒಂದು ಶಾಪಕ್ಕೆ ಸಿಕ್ಕು, ತಾವು ಯಾರೆಂಬುದನ್ನೇ ಮರೆತು, ಮೇನ್ ರಾಜ್ಯದ ಸ್ಟೋರಿಬ್ರೂಕ್ ಎಂಬ ಕಲ್ಪಿತ ಊರಿನಲ್ಲಿ ಬದುಕುತ್ತಿರುತ್ತಾರೆ. ಹಾಸ್ಟೆಲ್‌ನಲ್ಲಿ ನಮ್ಮ ಕೈಗೆ ಅದು ಪೆನ್‌ಡ್ರೈವ್‌ನಲ್ಲಿ, ಎರಡೋ ಮೂರೋ ವಾರ ತಡವಾಗಿ ಬರುತ್ತಿತ್ತು. ಒಂದು ಕಂತಿನಿಂದ ಇನ್ನೊಂದು ಕಂತಿನವರೆಗಿನ ಆ ಖಾಲಿ ದಿನಗಳನ್ನು ನಾನೂ ನನ್ನ ರೂಮ್‌ಮೇಟೂ ಊಹೆಗಳಿಂದ ತುಂಬುತ್ತಿದ್ದೆವು.

ಎರಡನೇ ಸೀಸನ್ನಿನ ಮೂರನೇ ಕಂತಿನಲ್ಲಿ ಲಾನ್ಸೆಲಾಟ್ ಬಂದಾಗ ನಮ್ಮ ತಲೆ ಕೆಟ್ಟಿತು. ಅವನು ಅಜ್ಜಿಕತೆಯವನಲ್ಲ, ಆರ್ಥರ್ ರಾಜನ ಐತಿಹ್ಯದವನು. ಅವನು ಬಂದನೆಂದರೆ ಕ್ಯಾಮೆಲಾಟ್ ಇದೆ, ಕ್ಯಾಮೆಲಾಟ್ ಇದ್ದರೆ ಎಕ್ಸ್‌ಕ್ಯಾಲಿಬರ್ ಕತ್ತಿ ಇದೆ, ಕತ್ತಿ ಇದ್ದರೆ ಹೋಲಿ ಗ್ರೇಲ್ ಎಂಬ ಪವಿತ್ರ ಪಾತ್ರೆಯೂ ಇರಲೇಬೇಕು. ನನ್ನ ರೂಮ್‌ಮೇಟ್ ಒಂದು ರಾತ್ರಿ ಗಂಭೀರವಾಗಿ ಹೇಳಿದ: "ಮಾರಾಯ, ಆ ಪಾತ್ರೆ ಆಗ್ಲೇ ಬಂದಾಗಿದೆ. ರಂಪಲ್‌ಸ್ಟಿಲ್ಟ್‌ಸ್ಕಿನ್ ಹತ್ರ ಇರೋ ಆ ಮುಕ್ಕಾದ ಟೀ ಕಪ್ ಇದೆಯಲ್ಲ, ಅದೇ ಗ್ರೇಲ್. ನೋಡ್ತಾ ಇರು." ನಾನು ನಕ್ಕೆ. ಆದರೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಮೂರು ವರ್ಷಗಳ ನಂತರ, 2015ರ ನವೆಂಬರ್‌ನಲ್ಲಿ, ಐದನೇ ಸೀಸನ್ನಿನ 'ನಿಮ್ಯೂ' ಎಂಬ ಕಂತಿನಲ್ಲಿ ಗ್ರೇಲ್ ಬಂತು. ಅದು ಮುಕ್ಕಾದ ಕಪ್ ಆಗಿರಲಿಲ್ಲ. ನಮ್ಮ ದೊಡ್ಡ ಊಹೆ ನಿಜವಾಗಿತ್ತು, ಗ್ರೇಲ್ ತೆರೆಯ ಮೇಲಿತ್ತು. ಆದರೆ ಆ ಕಂತು ಮುಗಿದಾಗ ನನ್ನಲ್ಲಿ ಉಳಿದದ್ದು ಒಂದು ಬಗೆಯ ನಿರಾಸೆ. ಊಹೆ ಸುಳ್ಳಾದರೆ ನಿರಾಸೆಯಾಗುವುದು ಸಹಜ. ನಿಜವಾದಾಗ ಯಾಕೆ ಆಗಬೇಕು? ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಇಷ್ಟು ವರ್ಷ ಬೇಕಾಯಿತು.

ಅಜ್ಜಿಕತೆಯಲ್ಲಿ ವಸ್ತುಗಳಿಗೆ ವಂಶಾವಳಿ ಇರುವುದಿಲ್ಲ. ಸಿಂಡ್ರೆಲಾಳ ಪಾದರಕ್ಷೆಯನ್ನು ಯಾವ ಕುಶಲಕರ್ಮಿ ಮಾಡಿದ ಎಂದು ಯಾರೂ ಕೇಳುವುದಿಲ್ಲ. ಮಾತಾಡುವ ಕನ್ನಡಿ ಮಲತಾಯಿಯ ಗೋಡೆಗೆ ಬಂದದ್ದು ಹೇಗೆ ಎಂದು ಕತೆ ಹೇಳುವುದಿಲ್ಲ, ಕೇಳುವ ಮಗುವಿಗೆ ಅದು ಕೊರತೆ ಎನಿಸುವುದೂ ಇಲ್ಲ. ಸ್ವಿಸ್ ಜಾನಪದ ವಿದ್ವಾಂಸ ಮ್ಯಾಕ್ಸ್ ಲೂಥಿ 1947ರಲ್ಲಿ ಪ್ರಕಟಿಸಿದ ಯುರೋಪಿಯನ್ ಜನಪದ ಕತೆಗಳ ಅಧ್ಯಯನದಲ್ಲಿ ಇದನ್ನೇ ಗುರುತಿಸಿದ. ಈ ಕತೆಗಳ ಜಗತ್ತಿಗೆ ಆಳವಿಲ್ಲ ಎಂದ. ಅದು ದೂರಲ್ಲ, ಶೈಲಿಯ ವಿವರಣೆ. ಅಲ್ಲಿನ ವಸ್ತು ಬೇಕಾದಾಗ ಬರುತ್ತದೆ, ಕೆಲಸ ಮುಗಿದ ಮೇಲೆ ಹೊರಟುಹೋಗುತ್ತದೆ. ನಮ್ಮವರೇ ಆದ ಕಾರ್ನಾಡರ 'ನಾಗಮಂಡಲ' ನೆನಪಿಸಿಕೊಳ್ಳಿ. ಕುರುಡವ್ವ ರಾಣಿಯ ಕೈಗಿಡುವ ಬೇರು ಎಲ್ಲಿಂದ ಬಂತು? ಹಿಂದೊಮ್ಮೆ ಮನೆಗೆ ಬಂದಿದ್ದ ಸಾಧು ಕೊಟ್ಟದ್ದು. ಅಷ್ಟೇ. ಆ ಸಾಧು ಯಾರು, ಬೇರು ಯಾವ ಗಿಡದ್ದು ಎಂಬ ಗೋಜಿಗೆ ನಾಟಕ ಹೋಗುವುದಿಲ್ಲ. ಆ ಬೇರು ರಾಣಿಯ ಬದುಕನ್ನು ಏನು ಮಾಡುತ್ತದೆ ಎಂಬುದರ ಮೇಲೆ ಅದರ ಕಣ್ಣು.

ಐತಿಹ್ಯದ ವಸ್ತುಗಳು ಹಾಗಲ್ಲ. ಅವು ಯಾರ ಕೈಯಿಂದ ಯಾರ ಕೈಗೆ ಬಂದವು ಎಂಬ ಚರಿತ್ರೆಯೇ ಅವುಗಳ ಮಹಿಮೆ. ಹೀಗಾಗಿ ಐತಿಹ್ಯದ ವಸ್ತುವನ್ನು ಅಜ್ಜಿಕತೆಯ ಅಂಗಳಕ್ಕೆ ತಂದ ಕೂಡಲೇ ಅಂಗಳದ ನಿಯಮವೇ ಬದಲಾಗುತ್ತದೆ. ಪ್ರತಿಯೊಂದಕ್ಕೂ ಹಿಂದಿನ ಕತೆ ಬೇಕಾಗುತ್ತದೆ. ವರ್ಷಗಟ್ಟಲೆ ನಡೆಯಬೇಕಾದ ಟೀವಿ ಸರಣಿಗಂತೂ ಇದು ಅನ್ನದ ಪ್ರಶ್ನೆ. 'ಒನ್ಸ್ ಅಪಾನ್ ಎ ಟೈಮ್' ಸೃಷ್ಟಿಸಿದ ಎಡ್ವರ್ಡ್ ಕಿಟ್ಸಿಸ್ ಮತ್ತು ಆಡಮ್ ಹೊರೊವಿಟ್ಜ್ ಅದಕ್ಕೆ ಮೊದಲು 'ಲಾಸ್ಟ್' ಸರಣಿಗೆ ಬರೆದವರು. ಒಂದು ಗುಟ್ಟನ್ನು ಬಿಡಿಸುವಾಗ ಇನ್ನೆರಡನ್ನು ಕಟ್ಟಿಡುವ ಕಲೆ ಅವರಿಗೆ ಕರಗತ. ನೋಡುಗನನ್ನು ಊಹೆಗೆ ಹಚ್ಚುವುದು ಅವರ ಕಥನದ ಒಳಗೇ ಇತ್ತು. ನಮ್ಮ ನೋಟ್‌ಬುಕ್ಕುಗಳನ್ನು ಅರ್ಧ ಬರೆದವರು ಅವರೇ.

ಅಭಿಮಾನಿಗಳ ಊಹಾಪೋಹವೆಂದರೆ ಮೂಗು ಮುರಿಯುವ ಸಾಹಿತ್ಯದ ಮೇಷ್ಟ್ರುಗಳನ್ನು ನಾನು ಬಲ್ಲೆ, ನಾನೂ ಸ್ವಲ್ಪ ಕಾಲ ಅಂಥವನೇ ಆಗಿದ್ದೆ. ಆದರೆ ಗ್ರೇಲ್‌ನ ಚರಿತ್ರೆಯನ್ನು ನೋಡಿದರೆ ಆ ಮೂಗು ತಾನಾಗಿ ನೆಟ್ಟಗಾಗುತ್ತದೆ. ಇಂದು ನಾವು ಬಲ್ಲ ಗ್ರೇಲ್ ಹುಟ್ಟಿದ್ದೇ ಒಂದು ಅಪೂರ್ಣ ಕತೆಯಲ್ಲಿ. ಹನ್ನೆರಡನೇ ಶತಮಾನದ ಕೊನೆಯಲ್ಲಿ ಫ್ರೆಂಚ್ ಕವಿ ಕ್ರೆತ್ಯಾಂ ದ ತ್ರೋಯ್ 'ಪರ್ಸೆವಾಲ್' ಎಂಬ ಕಥನಕಾವ್ಯ ಬರೆಯಲು ತೊಡಗಿದ. ಅದರಲ್ಲಿ ಹಳ್ಳಿಗಾಡಿನಲ್ಲಿ ಬೆಳೆದ ಮುಗ್ಧ ಹುಡುಗ ಪರ್ಸೆವಾಲ್ ಒಂದು ಕೋಟೆಗೆ ಬರುತ್ತಾನೆ. ಒಡೆಯ ಗಾಯಗೊಂಡ ರಾಜ, ಮೀನು ಹಿಡಿಯುವುದೊಂದೇ ಅವನಿಗಿರುವ ಬೇಸರ ಕಳೆಯುವ ದಾರಿ. ಊಟಕ್ಕೆ ಕೂತಾಗ ಎದುರಿನಿಂದ ಒಂದು ಮೆರವಣಿಗೆ ಹಾದುಹೋಗುತ್ತದೆ. ತುದಿಯಿಂದ ನೆತ್ತರು ತೊಟ್ಟಿಕ್ಕುವ ಭರ್ಜಿ, ದೀಪಗಳು, ಆಮೇಲೆ ಒಬ್ಬ ಹುಡುಗಿಯ ಕೈಯಲ್ಲಿ 'ಒಂದು ಗ್ರಾಲ್'. ಗಮನಿಸಿ, ಒಂದು ಗ್ರಾಲ್. ಹಳೆಯ ಫ್ರೆಂಚಿನಲ್ಲಿ ಆ ಮಾತಿಗೆ ಅಗಲವಾದ ಬಡಿಸುವ ತಟ್ಟೆ ಎಂದಷ್ಟೇ ಅರ್ಥ. ಹೆಚ್ಚು ಮಾತಾಡಬಾರದು ಎಂದು ಗುರು ಹೇಳಿಕೊಟ್ಟಿದ್ದ ಪಾಠವನ್ನು ನೆನೆದು ಪರ್ಸೆವಾಲ್ ಏನನ್ನೂ ಕೇಳದೆ ಸುಮ್ಮನಿರುತ್ತಾನೆ. ಬೆಳಗಾಗುವಾಗ ಕೋಟೆಯಲ್ಲಿ ಯಾರೂ ಇಲ್ಲ. ಅವನು ಬಾಯಿ ಬಿಟ್ಟು ಕೇಳಿದ್ದರೆ ರಾಜನ ಗಾಯ ಮಾಯುತ್ತಿತ್ತು ಎಂದು ಆಮೇಲೆ ತಿಳಿಯುತ್ತದೆ.

ಕ್ರೆತ್ಯಾಂ ಆ ಕಾವ್ಯವನ್ನು ಮುಗಿಸಲಿಲ್ಲ. ಸುಮಾರು ಒಂಬತ್ತು ಸಾವಿರ ಸಾಲುಗಳ ನಂತರ ಅದು ನಡುವೆಯೇ ನಿಲ್ಲುತ್ತದೆ. ಆಮೇಲೆ ನಡೆದದ್ದನ್ನು ಇಂದಿನ ಯಾವ ಅಭಿಮಾನಿ ಬಳಗವೂ ಮೀರಿಸಲಾರದು. ಮುಂದಿನ ಐವತ್ತು ವರ್ಷಗಳಲ್ಲಿ ನಾಲ್ಕು ಮುಂದುವರಿಕೆಗಳು ಬಂದವು, ಎಲ್ಲ ಕೂಡಿದರೆ ಮೂಲಕ್ಕಿಂತ ಹಲವು ಪಟ್ಟು ಉದ್ದ. ರೋಬೆರ್ ದ ಬೊರೋನ್ ಎಂಬ ಕವಿ ಅದು ಯೇಸುವಿನ ಕೊನೆಯ ಭೋಜನದ ಪಾತ್ರೆ ಎಂದ. ಜರ್ಮನಿಯ ವೊಲ್‌ಫ್ರಾಮ್ ಫಾನ್ ಎಶೆನ್‌ಬಾಖ್ ಅದು ಪಾತ್ರೆಯೇ ಅಲ್ಲ, ಒಂದು ಕಲ್ಲು ಎಂದ. 2003ರಲ್ಲಿ 'ದ ವಿಂಚಿ ಕೋಡ್' ಬಂದು, ಅದು ವಸ್ತುವೇ ಅಲ್ಲ, ಒಂದು ವಂಶ ಎಂದು ಲಕ್ಷಾಂತರ ಓದುಗರನ್ನು ನಂಬಿಸಿತು. ಟೀ ಕಪ್ಪೇ ಗ್ರೇಲ್ ಎಂದ ನನ್ನ ರೂಮ್‌ಮೇಟ್ ಈ ಸಾಲಿನಲ್ಲಿ ಕೂರಲು ಯಾವ ರೀತಿಯಲ್ಲೂ ಅನರ್ಹನಲ್ಲ.

ಹಾಗಾದರೆ ಸರಣಿ ಮಾಡಿದ್ದೇನು? ಐದನೇ ಸೀಸನ್ ಶುರುವಾಗುವ ರೀತಿಯೇ ಚೆನ್ನಾಗಿದೆ. 1989ರಲ್ಲಿ ಪುಟ್ಟ ಎಮ್ಮಾ ಒಂದು ಚಿತ್ರಮಂದಿರದಲ್ಲಿ ಡಿಸ್ನಿಯ 'ದ ಸ್ವೋರ್ಡ್ ಇನ್ ದ ಸ್ಟೋನ್' ನೋಡುತ್ತಿರುತ್ತಾಳೆ. ಅಲ್ಲಿನ ಕೆಲಸಗಾರನ ವೇಷದಲ್ಲಿ ಬಂದ ಮರ್ಲಿನ್, ಮುಂದೊಂದು ದಿನ ಆ ಕತ್ತಿಯನ್ನು ಕೀಳಬೇಡ ಎಂದು ಅವಳನ್ನು ಎಚ್ಚರಿಸುತ್ತಾನೆ. ಅತ್ತ ಕ್ಯಾಮೆಲಾಟ್‌ನಲ್ಲಿ ಆರ್ಥರ್ ಬಂಡೆಯಿಂದ ಎಕ್ಸ್‌ಕ್ಯಾಲಿಬರ್ ಕಿತ್ತಾಗ ಅದರ ತುದಿಯೇ ಇರುವುದಿಲ್ಲ. ಆ ತುದಿ ಯಾವುದೆಂದು ನೋಡುಗನಿಗೆ ತಟ್ಟನೆ ಹೊಳೆಯುತ್ತದೆ. ಮೊದಲ ಸೀಸನ್ನಿನಿಂದ ರಂಪಲ್‌ಸ್ಟಿಲ್ಟ್‌ಸ್ಕಿನ್ ಬಚ್ಚಿಟ್ಟುಕೊಂಡು ಬಂದ, ಅಂಕುಡೊಂಕು ಅಲಗಿನ ಬಾಕುವೇ ಅದು. ಆ ಬಾಕು ಯಾರ ಕೈಯಲ್ಲಿದೆಯೋ 'ಡಾರ್ಕ್ ಒನ್' ಎಂಬ ಮಾಂತ್ರಿಕ ಅವರ ಆಳು. ಅವನ ಹೆಸರು ಅದರ ಮೇಲೆಯೇ ಕೆತ್ತಿರುತ್ತದೆ.

'ನಿಮ್ಯೂ' ಕಂತು ಉಳಿದ ಕೊಂಡಿಯನ್ನೂ ಜೋಡಿಸುತ್ತದೆ. ನೀರಡಿಸಿ ಅಲೆಯುತ್ತಿದ್ದ ಮರ್ಲಿನ್ ಗ್ರೇಲ್‌ನಿಂದ ಕುಡಿದು ಮಾಂತ್ರಿಕನೂ ಚಿರಂಜೀವಿಯೂ ಆಗುತ್ತಾನೆ. ಶತಮಾನಗಳ ನಂತರ ನಿಮ್ಯೂಳನ್ನು ಪ್ರೀತಿಸಿ, ಅವಳ ಜೊತೆ ಮುದುಕನಾಗಬೇಕೆಂದು ಬಯಸುತ್ತಾನೆ. ಗ್ರೇಲ್ ಅನ್ನು ಕತ್ತಿಯಾಗಿ ಮಾರ್ಪಡಿಸಿ, ತನ್ನ ಮಾಯಾಶಕ್ತಿಯನ್ನು ಕತ್ತರಿಸಿಕೊಳ್ಳುವುದು ಅವನ ಯೋಜನೆ. ಆದರೆ ನಿಮ್ಯೂ ತಾನೂ ಅದರಿಂದ ಕುಡಿದು, ತನ್ನ ಊರು ಸುಟ್ಟವನ ಮೇಲೆ ಸೇಡು ತೀರಿಸಿಕೊಂಡು, ಮೊದಲ ಡಾರ್ಕ್ ಒನ್ ಆಗುತ್ತಾಳೆ. ಕತ್ತಿ ಮುರಿಯುತ್ತದೆ. ಪಾತ್ರೆ ಕತ್ತಿಯಾಯಿತು, ಕತ್ತಿ ಬಾಕುವಾಯಿತು. ಸುಮಾರು ನಾಲ್ಕು ವರ್ಷಗಳ ಗುಟ್ಟು ಮೂರು ಹೆಜ್ಜೆಗಳಲ್ಲಿ ಬಗೆಹರಿಯಿತು.

ಇದು ಜಾಣತನದ ಕೆಲಸ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸಾವನ್ನು ಗೆದ್ದವನು ಸಾಯುವ ಹಕ್ಕಿಗಾಗಿ ಹಂಬಲಿಸುವ ಭಾಗವಂತೂ ಮನಸ್ಸಿಗೆ ತಟ್ಟುತ್ತದೆ. ಮುರಿದ ಕತ್ತಿಗೂ ಪರಂಪರೆಯ ಬಲವಿದೆ. 1485ರಲ್ಲಿ ಅಚ್ಚಾದ ಮ್ಯಾಲೊರಿಯ ಆರ್ಥರ್ ಕಥನದಲ್ಲೂ ರಾಜನ ಮೊದಲ ಕತ್ತಿ ಕಾಳಗದಲ್ಲಿ ಮುರಿಯುತ್ತದೆ, ಆಮೇಲಷ್ಟೇ ಸರೋವರದ ಕನ್ಯೆ ಅವನಿಗೆ ಇನ್ನೊಂದನ್ನು ಕೊಡುತ್ತಾಳೆ. ಆದರೂ ಆ ರಾತ್ರಿ ನನಗೆ ಖಾಲಿ ಎನಿಸಿದ್ದು ಸುಳ್ಳಲ್ಲ. ಬಾಕು ಅದುವರೆಗೆ ಏನಾಗಿತ್ತು ಎಂಬುದನ್ನು ನೆನೆಸಿಕೊಂಡರೆ ಕಾರಣ ಹೊಳೆಯುತ್ತದೆ.

ಮೊದಲ ಸೀಸನ್ನಿನಲ್ಲಿ ರಂಪಲ್‌ಸ್ಟಿಲ್ಟ್‌ಸ್ಕಿನ್ ನೂಲು ತೆಗೆಯುವ ಬಡವ, ಊರವರ ಕಣ್ಣಲ್ಲಿ ಪುಕ್ಕಲ. ಹದಿನಾಲ್ಕು ತುಂಬಲಿರುವ ಮಗ ಬೇಲ್‌ಫಯರ್‌ನನ್ನು ಯುದ್ಧಕ್ಕೆ ಎಳೆದೊಯ್ಯುತ್ತಾರೆಂಬ ಭಯದಲ್ಲಿ ಅವನು ಬಾಕುವನ್ನು ಕದ್ದು ಡಾರ್ಕ್ ಒನ್ ಆಗುತ್ತಾನೆ. ಮಗನಿಗಾಗಿ ಪಡೆದ ಶಕ್ತಿ ಮಗನನ್ನೇ ಹೆದರಿಸತೊಡಗುತ್ತದೆ. ಮಾಯಾಶಕ್ತಿಯೇ ಇಲ್ಲದ ಬೇರೊಂದು ಲೋಕಕ್ಕೆ ಹೋಗೋಣ, ಮೊದಲಿನಂತೆ ಬದುಕೋಣ ಎಂದು ಮಗ ದಾರಿ ಹುಡುಕಿ ತರುತ್ತಾನೆ. ನೆಲ ಬಾಯಿ ತೆರೆದು ಹುಡುಗ ಒಳಗೆ ಜಾರುವಾಗ ತಂದೆಯ ಒಂದು ಕೈಯಲ್ಲಿ ಮಗನ ಕೈ, ಇನ್ನೊಂದು ಕೈಯಲ್ಲಿ ನೆಲಕ್ಕೆ ನಾಟಿದ ಬಾಕು. ಅವನು ಮಗನ ಕೈ ಬಿಡುತ್ತಾನೆ. ಆ ದೃಶ್ಯ ನೋಡುವಾಗ ಬಾಕುವನ್ನು ಯಾರು ಕುಲುಮೆಯಲ್ಲಿ ಕಾಯಿಸಿದರು ಎಂದು ಯಾರಿಗಾದರೂ ಹೊಳೆದೀತೇ? ಆ ಬಾಕುವಿನ ಬಗ್ಗೆ ತಿಳಿಯಬೇಕಾದದ್ದೆಲ್ಲ ಆ ಎರಡು ಕೈಗಳ ನಡುವೆ ತಿಳಿದುಹೋಗಿತ್ತು. ಗ್ರೇಲ್‌ನ ವಂಶಾವಳಿ ಅದಕ್ಕೆ ಮಾಹಿತಿ ಸೇರಿಸಿತು. ಅರ್ಥ ಸೇರಿಸಲಿಲ್ಲ.

ಹಾಸ್ಟೆಲ್‌ನಲ್ಲಿ ನಾವು ನಗಾಡಿದ್ದ ಮುಕ್ಕಾದ ಕಪ್ ಹುಟ್ಟಿದ್ದೂ ಮೊದಲ ಸೀಸನ್ನಿನಲ್ಲೇ. 2012ರ ಫೆಬ್ರುವರಿಯಲ್ಲಿ ಪ್ರಸಾರವಾದ 'ಸ್ಕಿನ್ ಡೀಪ್' ಕಂತನ್ನು ಬರೆದವರು ಜೇನ್ ಎಸ್ಪೆನ್ಸನ್. ತನ್ನ ಜನರನ್ನು ಉಳಿಸಲು ರಂಪಲ್‌ಸ್ಟಿಲ್ಟ್‌ಸ್ಕಿನ್ನನ ಮನೆಗೆಲಸಕ್ಕೆ ಒಪ್ಪಿಬಂದ ಬೆಲ್, ಅವನ ಕ್ರೂರ ತಮಾಷೆಗೆ ಬೆಚ್ಚಿ ಟೀ ಕಪ್ ಕೈಬಿಡುತ್ತಾಳೆ. ಅಂಚು ಮುಕ್ಕಾಗುತ್ತದೆ. ಅವಳು ಹೆದರಿ ಕ್ಷಮೆ ಕೇಳಿದರೆ, ಅದು ಬರೀ ಒಂದು ಕಪ್ ಎಂದು ಅವನು ತಳ್ಳಿಹಾಕುತ್ತಾನೆ. ಮುಂದೆ ಅವಳ ಪ್ರೀತಿಯನ್ನು ನಂಬಲಾರದೆ ಅವಳನ್ನು ಹೊರಗಟ್ಟಿ, ಸಿಟ್ಟಿನಲ್ಲಿ ಪಿಂಗಾಣಿಯನ್ನೆಲ್ಲ ಒಡೆದುಹಾಕುವಾಗ ಕೈಗೆ ಆ ಮುಕ್ಕಾದ ಕಪ್ ಸಿಗುತ್ತದೆ. ಅದೊಂದನ್ನು ಒಡೆಯಲು ಅವನಿಂದ ಆಗುವುದಿಲ್ಲ. ಅವಳು ಸತ್ತಳೆಂಬ ಸುಳ್ಳು ಸುದ್ದಿ ಬಂದಾಗ ಅದನ್ನು ಪೀಠದ ಮೇಲಿಟ್ಟು ಅಳುತ್ತಾನೆ.

1991ರ 'ಬ್ಯೂಟಿ ಅಂಡ್ ದ ಬೀಸ್ಟ್' ಚಿತ್ರದ ಚಿಪ್ ಎಂಬ ಮುಕ್ಕಾದ ಕಪ್‌ನ ನೆನಪು ಇದರ ಹಿಂದಿದೆ. ಆದರೆ ಅದು ತಿಳಿಯದವನಿಗೂ ಈ ಕಪ್ ಪೂರ್ತಿ ದಕ್ಕುತ್ತದೆ. ಅದಕ್ಕೆ ಮಾಯಾಶಕ್ತಿ ಇಲ್ಲ, ಯಾರನ್ನೂ ಚಿರಂಜೀವಿ ಮಾಡುವುದಿಲ್ಲ, ಯಾವ ರಾಜನೂ ಅದನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದು ನಮ್ಮ ಕಣ್ಣೆದುರೇ, ಒಂದು ಕೈತಪ್ಪಿನಿಂದ ಪವಿತ್ರವಾದದ್ದು.

ಇಲ್ಲಿ ನನಗೆ ಪರ್ಸೆವಾಲ್‌ನ ಮೌನ ಮತ್ತೆ ನೆನಪಾಗುತ್ತದೆ. ಆ ರಾತ್ರಿ ಅವನು ಕೇಳಬೇಕಾಗಿದ್ದ ಪ್ರಶ್ನೆ ಯಾವುದು? ಭರ್ಜಿಯಿಂದ ನೆತ್ತರು ಸುರಿಯುವುದೇಕೆ ಎಂಬುದೊಂದು. ಗ್ರೇಲ್ ಬಗ್ಗೆ ಕೇಳಬೇಕಾಗಿದ್ದದ್ದು 'ಅದು ಏನು' ಎಂದಲ್ಲ, 'ಅದರಲ್ಲಿ ಯಾರಿಗೆ ಬಡಿಸುತ್ತಾರೆ' ಎಂದು. ಉತ್ತರ ಮುಂದೆ ಒಬ್ಬ ಸನ್ಯಾಸಿಯ ಬಾಯಲ್ಲಿ ಬರುತ್ತದೆ. ಒಳಕೋಣೆಯಲ್ಲಿ ವೃದ್ಧನೊಬ್ಬನಿದ್ದಾನೆ, ಆ ಪಾತ್ರೆಯಲ್ಲಿ ಹೋಗುವ ಒಂದೇ ಒಂದು ಪ್ರಸಾದದ ಬಿಲ್ಲೆಯಿಂದ ಅವನ ಜೀವ ನಿಂತಿದೆ. ಅಂದರೆ ಆ ಪ್ರಶ್ನೆ ವಸ್ತುವಿನ ಕುರಿತ ಕುತೂಹಲವಲ್ಲ, ಗೋಡೆಯಾಚೆ ಇರುವ ಒಬ್ಬ ಮನುಷ್ಯನ ಬಗೆಗಿನ ಕಾಳಜಿ. ಈ ಪಾಠವನ್ನು ನಾನು ತರಗತಿಯಲ್ಲಿ ಬರೆದುಕೊಂಡೂ ಇದ್ದೆ. ನೋಟ್‌ಬುಕ್ಕಿನ ಮುಂದಿನ ಅರ್ಧದಲ್ಲಿ ಗಾಯಗೊಂಡ ರಾಜನೂ ಕೇಳದೆ ಉಳಿದ ಪ್ರಶ್ನೆಯೂ ಇದ್ದಾರೆ. ಹಿಂದಿನ ಅರ್ಧದಲ್ಲಿ ನನ್ನ ಪ್ರಶ್ನೆಗಳೆಲ್ಲ ಒಂದೇ ಜಾತಿಯವು: ಎಲ್ಲಿದೆ, ಎಲ್ಲಿಂದ ಬಂತು, ಯಾವಾಗ ಬರುತ್ತದೆ. ಯಾರಿಗೆ ಎಂದು ಒಂದು ಕಡೆಯೂ ಕೇಳಿಲ್ಲ.

ಸರಣಿಗೇ ಈ ಅಪಾಯ ಗೊತ್ತಿತ್ತೇನೋ ಎಂದು ಈಗ ಅನ್ನಿಸುತ್ತದೆ. ಅದರ ಆರ್ಥರ್ ನಾವು ಬಲ್ಲ ಉದಾತ್ತ ರಾಜನಲ್ಲ. ತುದಿಯಿಲ್ಲದ ಕತ್ತಿಯ ಸಂಗತಿಯನ್ನು ಜನರಿಂದ ಮುಚ್ಚಿಟ್ಟು, ಅದನ್ನು ಪೂರ್ಣಗೊಳಿಸುವ ಹುಚ್ಚಿನಲ್ಲಿ ಹಳೆಯ ಗ್ರಂಥಗಳ ನಡುವೆ ಹೂತುಹೋದವನು. ಹೆಂಡತಿ ಗಿನಿವೇರ್ ಅವನಿಗಾಗಿ ಕಾದು ಕಾದು ದೂರವಾಗುತ್ತಾಳೆ. ಕೊನೆಗೆ ಮುರಿದದ್ದನ್ನು ಇಡಿಯಾಗಿ ಕಾಣಿಸುವ ಅವಲಾನ್‌ನ ಮರಳನ್ನು ಅವನು ಅವಳ ಮೇಲೆಯೇ ಎರಚುತ್ತಾನೆ. ಒಡೆದ ದಾಂಪತ್ಯ ಸರಿಹೋದಂತೆ ತೋರುತ್ತದೆ, ಒಳಗೆ ಸರಿಹೋಗಿರುವುದಿಲ್ಲ. ಕಾಣೆಯಾದ ತುಂಡಿನ ಹಿಂದೆ ಬಿದ್ದು ಎದುರಿಗಿರುವ ಜೀವವನ್ನು ಕಾಣದೆ ಹೋದ ಈ ಆರ್ಥರ್‌ನಲ್ಲಿ ನನ್ನ ನೋಟ್‌ಬುಕ್ಕಿನ ಗುರುತು ನನಗೆ ಸಿಗುತ್ತದೆ. ಎಲ್ಲ ಗುಟ್ಟುಗಳನ್ನೂ ಒಂದೇ ಪಾತ್ರೆಯೊಳಗೆ ಹಾಕಿ ಮುಚ್ಚಳ ಬಿಗಿದ ಸರಣಿಯೂ ತನ್ನ ಮೇಲೆ ಅದೇ ಮರಳನ್ನು ಸ್ವಲ್ಪ ಎರಚಿಕೊಂಡಿತು.

ಹೀಗೆಂದು ಊಹಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಪರ್ಸೆವಾಲ್ ಕೆಟ್ಟದ್ದು ಕೇಳಿದ್ದರಿಂದಲ್ಲ, ಕೇಳದೆ ಉಳಿದದ್ದರಿಂದ. ಓದುವಾಗ, ನೋಡುವಾಗ, ಮುಂದೇನು ಎಂದು ಚಡಪಡಿಸದವನು ಕತೆಯೊಳಗೆ ಬಂದೇ ಇಲ್ಲ. ಎಂ.ಎ. ತರಗತಿಯಲ್ಲಿ ಪಾಠ ಕೇಳುವಾಗ ನಿದ್ದೆ ಮಾಡುತ್ತಿದ್ದ ನನ್ನ ರೂಮ್‌ಮೇಟ್ ರಾತ್ರಿ ಎರಡು ಗಂಟೆಗೆ ಒಂದು ಟೀ ಕಪ್‌ನ ಪರವಾಗಿ ಮಂಡಿಸುತ್ತಿದ್ದ ವಾದಗಳು ನಾನು ಕೇಳಿದ ಒಳ್ಳೆಯ ವಿಮರ್ಶೆಗಳಲ್ಲಿ ಸೇರುತ್ತವೆ. ಅವನ ಊಹೆ ತಪ್ಪಾಯಿತು. ಆದರೆ ಅವನು ಕೈ ಇಟ್ಟದ್ದು ಸರಿಯಾದ ವಸ್ತುವಿನ ಮೇಲೆ. ಆ ಕತೆಯಲ್ಲಿ ಯಾರದೋ ಜೀವ ನಿಂತಿದ್ದ ಪಾತ್ರೆ ಅದೊಂದೇ ಆಗಿತ್ತು.

ಕ್ರೆತ್ಯಾಂನ ಕಾವ್ಯಕ್ಕೆ ಬಂದ ಎರಡನೇ ಮುಂದುವರಿಕೆಯ ಕೊನೆಯಲ್ಲಿ ಪರ್ಸೆವಾಲ್ ಮತ್ತೆ ಆ ಕೋಟೆಗೆ ಬರುತ್ತಾನೆ. ಮುರಿದ ಕತ್ತಿಯೊಂದನ್ನು ಅವನ ಕೈಗಿಟ್ಟು ಜೋಡಿಸು ಎನ್ನುತ್ತಾರೆ. ಅವನು ಎರಡು ತುಂಡುಗಳನ್ನು ಕೂಡಿಸುತ್ತಾನೆ, ಅವು ಕೂಡಿಕೊಳ್ಳುತ್ತವೆ. ಆದರೆ ಬೆಸುಗೆಯ ಜಾಗದಲ್ಲಿ ಒಂದು ಸಣ್ಣ ಮುಕ್ಕು ಉಳಿದುಬಿಡುತ್ತದೆ. ಅನಂತರದ ಕವಿಗಳು ಆ ಮುಕ್ಕಿನಿಂದಲೇ ಕತೆಯನ್ನು ಮುಂದಕ್ಕೆ ಒಯ್ದರು.

ಆ ನೋಟ್‌ಬುಕ್ಕನ್ನು ರದ್ದಿಗೆ ಹಾಕಲು ಮನಸ್ಸಾಗಲಿಲ್ಲ. ರೂಮ್‌ಮೇಟ್‌ಗೆ ಫೋಟೊ ತೆಗೆದು ಕಳಿಸಿದೆ. ಉತ್ತರ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ: "ನಾನು ಆಗ್ಲೇ ಹೇಳಿರ್ಲಿಲ್ವಾ ಮಾರಾಯ?"